ನಂಗು, ಕಾಲು ಕಿಲೋ

ಹೆಸರು ಕೇಳುತ್ತದೆ ಫೋನು. ನನ್ನದಲ್ಲ, ಅಂಗಡಿಯದು.
ಮಲ್ಪೆಯ ಒಣಮೀನಿನ ಸಾಲಿನಲ್ಲಿ
ಯಾರ ಅಂಗಡಿಗಿತ್ತು ಹೆಸರು?
‘ವಾರಿಜಕ್ಕನ ಹತ್ತಿರ’ ಎಂದರೆ ಸಾಕಿತ್ತು, ಜನ ಬರುತ್ತಿದ್ದರು.
ಖಾಲಿ ಚೌಕದೊಳಗೆ ಗೀಟೊಂದು ಮಿಣುಕುತ್ತದೆ, ಆರುತ್ತದೆ,
ಕಾಪುವಿನ ದೀಪದ ಹಾಗೆ,
ಬಾ ಎನ್ನುತ್ತದೋ, ದೂರ ಇರು ಎನ್ನುತ್ತದೋ.

ಒತ್ತಿದೆ: ಒಣಬಿಸಿಲು.

ಆಮೇಲೆ ಚಿತ್ರ.
ನಂಗು ಒಣಗಿದರೆ ಸವೆದ ಚಪ್ಪಲಿ.
ಮಗಳ ಡ್ರಾಯಿಂಗ್ ಹಾಳೆಯ ಮೇಲೆ ಮಲಗಿಸಿ
ಎರಡೂ ಕಣ್ಣು ಒಂದೇ ಕಡೆಗಿರುವ ಅದರ ಮುಖವನ್ನು
ಬೆಳಕಿಗೆ ತಿರುಗಿಸಿದೆ, ಮದುಮಗಳ ಗಲ್ಲ ಹಿಡಿದ ಹಾಗೆ.
ಹದಿನೇಳು ಫೋಟೋ.
ಕಂಪೌಂಡಿನ ಮೇಲೆ ಕೂತ ಕಾಗೆಗೆ ಮಾತ್ರ
ಸರಕಿನ ಮೇಲೆ ಪೂರ್ತಿ ನಂಬಿಕೆ.

ವಿವರಣೆ, ನೂರು ಅಕ್ಷರ ಮೀರದಂತೆ.
ವಾಸನೆಗೆ ಅಲ್ಲಿ ಕಾಲಂ ಇಲ್ಲ.
ಕೆಂಡದ ಮೇಲಿಟ್ಟರೆ ಮೂರು ಮನೆಯಾಚೆ ಹಸಿವು ಎಬ್ಬಿಸುವುದನ್ನು,
ಕುಚ್ಚಲಕ್ಕಿ ಗಂಜಿ ಅದಕ್ಕಾಗಿ ತಣ್ಣಗೆ ಕಾಯುವುದನ್ನು
ಯಾವ ಗುಂಡಿ ಒತ್ತಿ ಹೇಳಲಿ?
‘ಸ್ವಚ್ಛ. ಮರಳಿಲ್ಲ’ ಎಂದು ಬರೆದೆ.
ನಿಜವೇ. ನೆಲದ ಮೇಲಲ್ಲ, ಹಳೆ ಬಲೆ ಬಿಗಿದ ಮಂಚದ ಮೇಲೆ ಒಣಗಿಸಿದ್ದು.

ಬೆಲೆಯದ್ದೇ ಕಷ್ಟ.
ಬುಟ್ಟಿಯ ಮುಂದೆ ಬೆಲೆ ಎಂಬುದು ಜಗಳದ ಕೊನೆಗೆ ಸಿಗುವ ವಸ್ತು.
ಅವರು ಎದ್ದು ಹೋಗಬೇಕು, ನಾವು ಕರೆಯಬೇಕು,
ಮೇಲೊಂದು ಹಿಡಿ ಸೀಗಡಿ ಸುರಿದು ಬೈಯಬೇಕು.
ಇಲ್ಲಿ ಒಂದೇ ಅಂಕಿ. ನೂರಾ ಎಂಬತ್ತು.
ಜಗಳವಿಲ್ಲ.
ಕೊಳ್ಳುವವರೂ ಇಲ್ಲ.

ಹನ್ನೊಂದು ದಿನ.
ಬೋಟುಗಳು ಹೋದವು, ಬಂದವು. ಐಸ್ ಪ್ಲಾಂಟಿನ ಲಾರಿ ನೀರು ಸುರಿಸುತ್ತ ಹೋಯಿತು.
ಫೋನನ್ನು ಅಕ್ಕಿ ಡಬ್ಬದ ಮೇಲಿಟ್ಟು ಕೆಲಸ ಮಾಡಿದೆ,
ಅದು ಗುಂಯ್ ಎಂದಾಗಲೆಲ್ಲ ಒದ್ದೆ ಕೈಯಲ್ಲಿ ಓಡಿದೆ.
ಗ್ಯಾಸಿನವರು. ಸಾಲ ಬೇಕೇ ಎನ್ನುವವರು.
ಸಂಘದ ಮೀಟಿಂಗು ಮುಂದಿನ ಸೋಮವಾರಕ್ಕೆ.

ಹನ್ನೆರಡನೆಯ ದಿನ: ನಂಗು, ಕಾಲು ಕಿಲೋ.

ಮೂರು ಪದರ ಪ್ಲಾಸ್ಟಿಕ್ಕು, ಮೇಲೆ ರಟ್ಟು, ಎಂಟು ಮೊಳ ಟೇಪು.
ಕಲ್ಸಂಕದ ಕೊರಿಯರ್ ಹುಡುಗ ಮೂಗು ಹತ್ತಿರ ತಂದ.
‘ಎಂತ ಉಂಟು ಇದರಲ್ಲಿ?’
‘ಊಟದ್ದು.’
‘ಅಕ್ಕ, ನಮ್ಮ ಮನೆಯಲ್ಲೂ ತಿಂತೇವೆ. ಆದ್ರೆ ಹೀಗೆ ಆಗುದಿಲ್ಲ,
ಪಕ್ಕದ ಪಾರ್ಸೆಲಿನಲ್ಲಿ ಮದುವೆ ಸೀರೆ ಉಂಟು.’
ಅಲ್ಲೇ ಕೂತು ಇನ್ನೆರಡು ಪದರ ಸುತ್ತಿದೆ.
ಲಾಭವೆಲ್ಲ ಟೇಪಿಗೇ ಅಂಟಿಕೊಂಡಿತು.

ಅವನು ರಸೀದಿ ಹರಿದು ಕೊಟ್ಟ ಮೇಲೆ ವಿಳಾಸ ಓದಿದೆ.
ಅಲ್ಲಿಯ ತನಕ ಕಣ್ಣು ಅಂಕಿಯ ಮೇಲಷ್ಟೇ ಇತ್ತು.
ಕೊಡವೂರು, ಶಾಲೆಯ ಹಿಂದೆ.
ನನ್ನ ಅಂಗಳದಿಂದ ನಡೆದರೆ ಅರ್ಧ ಗಂಟೆ.
ಹಿಂದಕ್ಕೆ ಕೇಳಬಹುದಿತ್ತು. ಕೇಳಲಿಲ್ಲ.
ನಡೆದು ಕೊಟ್ಟರೆ ಅದು ಮತ್ತೆ ಬುಟ್ಟಿಯ ವ್ಯಾಪಾರ.

ಪೊಟ್ಟಣ ಮಂಗಳೂರಿಗೆ ಹೋಯಿತು. ಅಲ್ಲಿಂದ, ಯಾಕೋ, ಹುಬ್ಬಳ್ಳಿಗೆ.
ನಾನು ಕಾಣದ ಹುಬ್ಬಳ್ಳಿಯನ್ನು ನನ್ನ ನಂಗು ಕಂಡು ಬಂತು.
ಆರನೆಯ ದಿನ ಹಸಿರು ಗುರುತು: ತಲುಪಿದೆ.

ತರಿಸಿದವಳು ಲಚ್ಚು ತಿಂಗಳಾಯ.
ಇಪ್ಪತ್ತು ವರ್ಷ ನನ್ನೆದುರು ಬುಟ್ಟಿ ಇಟ್ಟು
ನನ್ನ ಗಿರಾಕಿಯನ್ನು ಕಣ್ಸನ್ನೆಯಲ್ಲೇ ಎಳೆದವಳು,
ಮೊಣಕಾಲು ಕೈಕೊಟ್ಟು ಮನೆ ಸೇರಿದವಳು.
ನಕ್ಷತ್ರ ಮೂರೇ ಮೂರು.
ಕೆಳಗೆ ಮೊಮ್ಮಗನ ಬೆರಳು, ಅವಳ ಬಾಯಿ:
‘ಮೀನು ಒಳ್ಳೇದುಂಟು. ಉಪ್ಪು ಸಾಲದು.
ಮೇಲೊಂದು ಹಿಡಿ ಸೀಗಡಿ ಹಾಕಲಿಕ್ಕೆ
ನಿನಗೆಂತ ದಾಡಿ, ವಾರಿಜ?’

ಅಂಗಳಕ್ಕಿಳಿದು ಬೈದೆ, ಕೊಡವೂರಿನ ದಿಕ್ಕಿಗೆ, ಗಂಟಲು ತುಂಬ.
ಎಷ್ಟು ದಿನವಾಗಿತ್ತು.
ಕಾಗೆ ಹಾರಿತು. ಪಕ್ಕದ ಮನೆಯವರು ಇಣುಕಿದರು.
ಆಮೇಲೆ ಒಳಗೆ ಹೋಗಿ
ಉಪ್ಪಿನ ಮೂಟೆಯ ಬಾಯಿ ಬಿಚ್ಚಿದೆ.